ಅಸಲು ಕಟ್ಟಿಗೆಯ ಗಿಟಾರು

ನನ್ನ ಎಡಗೈ ಬೆರಳುಗಳಿಗೆ ಏನೋ ಆಗಿದೆ ಎಂದು ಮೊದಲು ಗಮನಿಸಿದವರು ನಮ್ಮ ಅತ್ತೆ. ನಾನು ಗಂಗಾವತಿಯ ಆ ಮನೆಗೆ ಸೊಸೆಯಾಗಿ ಬಂದು ವರ್ಷ ಕಳೆದಿತ್ತು. ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ಸಾರು ಕುದಿಯುವುದನ್ನು ಕಾಯುತ್ತ ಒಲೆಯ ಮುಂದೆ ಕೂತಾಗ ಸೌಟಿನ ಹಿಡಿಯ ಮೇಲೆ, ಅಂಗಳ ಗುಡಿಸಿ ಸುಧಾರಿಸಿಕೊಳ್ಳುವಾಗ ಕಸಬರಿಗೆಯ ಮೇಲೆ, ಯಾರೊಂದಿಗಾದರೂ ಮಾತಾಡುತ್ತ ನಿಂತಾಗ ಕಿಟಕಿಯ ಸರಳಿನ ಮೇಲೆ ನನ್ನ ಬೆರಳುಗಳು ಒತ್ತುತ್ತ, ಏಳುತ್ತ, ಜಾಗ ಬದಲಿಸುತ್ತ ಇರುತ್ತಿದ್ದವಂತೆ. ನನಗೆ ಅದರ ಅರಿವೇ ಇರಲಿಲ್ಲ.

ಒಂದು ದಿನ ಊಟಕ್ಕೆ ಕೂತ ಮಾವನವರಿಗೆ ರೊಟ್ಟಿ ಬಡಿಸುತ್ತ ಅತ್ತೆ ಹೇಳಿಯೇಬಿಟ್ಟರು. "ಸೊಸಿ ಬೆರಳು ತಾವ ತಾವ ಕುಣೀತಾವ. ವಾಯು ಹಿಡದೈತೋ ಏನೋ. ಡಾಕ್ಟರ್ ಕಡೆ ಕರ್ಕೊಂಡ್ ಹೋಗ್ರಿ."

ನನಗೆ ನಗು ತಡೆಯಲಾಗಲಿಲ್ಲ. ಅತ್ತೆ ಗಾಬರಿಯಾದರು. ಆಗ ನಾನು ನಿಜ ಹೇಳಬೇಕಾಯಿತು.

ನಾನು ಬೆಳೆದದ್ದು ಹುಬ್ಬಳ್ಳಿಯ ರೈಲ್ವೆ ಕ್ವಾರ್ಟರ್ಸಿನಲ್ಲಿ. ಅಪ್ಪ ಗೂಡ್ಸ್ ಗಾಡಿಯ ಗಾರ್ಡು. ನಮ್ಮ ಪಕ್ಕದ ಮನೆಯಲ್ಲಿ ಇನ್ನೊಬ್ಬ ಗಾರ್ಡಿನ ಸಂಸಾರವಿತ್ತು. ಆ ಮನೆಯ ಆಂಟಿ ಭಾನುವಾರ ಚರ್ಚಿನಲ್ಲಿ ಗಿಟಾರು ಬಾರಿಸುತ್ತಿದ್ದರು, ಉಳಿದ ದಿನ ತಮ್ಮ ಪಡಸಾಲೆಯಲ್ಲಿ. ಬೇಲಿಯ ಈಚೆ ನಿಂತು ಕೇಳುತ್ತಿದ್ದ ನನ್ನನ್ನು ಒಮ್ಮೆ ಒಳಗೆ ಕರೆದು ಕೂರಿಸಿ, ತೊಡೆಯ ಮೇಲೆ ಗಿಟಾರು ಇಟ್ಟರು. ಮದುವೆಯಾಗುವ ತನಕ ಅವರ ಮನೆಯಲ್ಲೇ, ಅವರ ವಾದ್ಯದ ಮೇಲೇ ಕಲಿತೆ. ಗಂಗಾವತಿಗೆ ಬರುವಾಗ ಸೀರೆ, ಪಾತ್ರೆ, ಹೊಲಿಗೆ ಯಂತ್ರ ಎಲ್ಲ ಬಂದವು. ಗಿಟಾರು ನನ್ನದಲ್ಲವಲ್ಲ, ಅಲ್ಲೇ ಉಳಿಯಿತು. ಬೆರಳುಗಳಿಗೆ ಮಾತ್ರ ಅದು ಗೊತ್ತಾಗಿರಲಿಲ್ಲ.

ಇಷ್ಟನ್ನೂ ಕೇಳಿದ ಮಾವನವರು ರೊಟ್ಟಿ ಮುರಿಯುವುದನ್ನು ನಿಲ್ಲಿಸಿ ಒಂದೇ ಪ್ರಶ್ನೆ ಕೇಳಿದರು.

"ಅದನ್ನ ಯಾವ ಕಟಗ್ಯಾಗ ಮಾಡ್ತಾರವಾ?"

ಮಾವನವರಿಗೆ ಊರ ಹೊರಗೆ ಸಾಮಿಲ್ಲು ಇತ್ತು. ದಿಮ್ಮಿ ಕೊಯ್ದು ತೊಲೆ, ಹಲಗೆ, ಬಾಗಿಲ ಚೌಕಟ್ಟಿನ ಪಟ್ಟಿ ಮಾರುವುದು ಅವರ ಕಸುಬು. ಯಾರ ಮನೆಗೆ ಹೋದರೂ ಕೂರುವ ಮೊದಲು ಬಾಗಿಲ ಚೌಕಟ್ಟನ್ನು ಬೆರಳ ಗೆಣ್ಣಿನಿಂದ ಕುಟ್ಟಿ ನೋಡುತ್ತಿದ್ದರು. ಹೆಣ್ಣು ನೋಡಲು ನಮ್ಮ ಕ್ವಾರ್ಟರ್ಸಿಗೆ ಬಂದಾಗಲೂ ನಮ್ಮ ಮೇಜನ್ನು ಕುಟ್ಟಿದ್ದರು. ಸಂಗೀತದ ಗಂಧ ಅವರಿಗೆ ಇರಲಿಲ್ಲ. ಭಜನೆಯಲ್ಲಿ ಅವರ ಕೈಗೆ ತಾಳ ಕೊಟ್ಟರೆ ಹಾಡುವವರು ದಾರಿ ತಪ್ಪುತ್ತಿದ್ದರು.

"ನನಗ ಗೊತ್ತಿಲ್ರಿ ಮಾವಾರ," ಎಂದೆ.

"ಅದೇನ್ ಕಲ್ತಿ ಹಂಗಾರ," ಎಂದು ನಕ್ಕು, "ಕೊಪ್ಪಳಕ್ಕ ಹೋಗಿ ನೋಡೂಣು," ಎಂದರು. ನನ್ನ ಗಂಡ ತಾಟಿನಿಂದ ತಲೆ ಎತ್ತಿ ನನ್ನ ಕಡೆ ನೋಡಿದರು. ಮದುವೆಯಾದ ಹೊಸದರಲ್ಲಿ ಅವರೂ ಒಂದು ಗಿಟಾರು ಕೊಡಿಸುವ ಮಾತಾಡಿದ್ದರು. ಮನೆಯಲ್ಲಿ ಕೇಳುವ ಧೈರ್ಯ ಬಂದಿರಲಿಲ್ಲ. ಈಗ ಕೇಳದೆಯೇ ಅಪ್ಪಣೆ ಸಿಕ್ಕಿತ್ತು.

ಕೊಪ್ಪಳದ ಬಜಾರಿನಲ್ಲಿ ಹಾರ್ಮೋನಿಯಂ, ತಬಲಾ, ಭಜನೆಯ ತಾಳ ಮಾರುವ ಒಂದು ಅಂಗಡಿ ಇತ್ತು. ನಾನೂ ಮಾವನವರೂ ಅವರ ಕಟ್ಟಿಗೆ ಲಾರಿಯಲ್ಲೇ ಹೋದೆವು. ಅಂಗಡಿಯ ಗೋಡೆಯ ಮೇಲೆ ಒಂದೇ ಒಂದು ಗಿಟಾರು ತೂಗುಹಾಕಿತ್ತು. ಅಂಚೆಲ್ಲ ಕಪ್ಪು, ನಡುವೆ ಕೆಂಪು, ಮುಖ ಕಾಣುವಷ್ಟು ಹೊಳಪು. ಅಂಗಡಿಯವನು ಇಳಿಸಿಕೊಟ್ಟ. ಶ್ರುತಿ ಮಾಡಿ ಎರಡು ಸಲ ಮೀಟಿದೆ. ಆಂಟಿಯ ಗಿಟಾರಿನಷ್ಟು ತುಂಬಿದ ದನಿ ಅಲ್ಲ, ಆದರೆ ಗಿಟಾರಿನದೇ ದನಿ. ನನ್ನ ಮಟ್ಟಿಗೆ ವ್ಯಾಪಾರ ಅಲ್ಲಿಗೇ ಮುಗಿದಿತ್ತು. ಬೆಲೆಯೂ ನಮ್ಮ ಕೈಗೆ ಎಟುಕುವಂಥದ್ದೇ.

ಮಾವನವರು ಅದನ್ನು ನನ್ನ ಕೈಯಿಂದ ತೆಗೆದುಕೊಂಡರು. ಮುಂದೆ ಕುಟ್ಟಿದರು, ಹಿಂದೆ ಕುಟ್ಟಿದರು, ಕಿವಿ ಇಟ್ಟು ಕೇಳಿದರು. ಆಮೇಲೆ ಬಾಗಿಲ ಬೆಳಕಿಗೆ ಒಯ್ದು, ನಡುವಿನ ದುಂಡು ತೂತಿನ ಅಂಚನ್ನು ತೋರಿಸಿದರು.

"ಇಲ್ನೋಡವಾ. ಎಷ್ಟ್ ಪದರ ಕಾಣ್ತಾವ?"

ನೋಡಿದೆ. ಮೇಲೊಂದು, ಕೆಳಗೊಂದು, ನಡುವೆ ಕಂದು ಬಣ್ಣದ್ದು ಮತ್ತೊಂದು. "ಮೂರು ಅದಾವ್ರಿ."

"ಅಸಲ ಕಟಗಿ ಆಗಿತ್ತಂದ್ರ ಮ್ಯಾಲಿನ ಗೆರಿ ಹಂಗ ಇಳದು ಅಂಚಿನ್ಯಾಗೂ ಕಾಣ್ಬೇಕು. ಇದು ಪ್ಲೈವುಡ್ಡು. ಮ್ಯಾಲೊಂದು ತೆಳ್ಳಂದು ಪದರ ಅಂಟಿಸಿ ಬಣ್ಣ ಹೊಡದಾರ. ಇದು ಕಟಗಿ ಅಲ್ಲ, ಕಟಗೀದು ಫೋಟೋ."

ಅಂಗಡಿಯವನಿಗೆ ಬೇಜಾರಾಯಿತು. "ಯಜಮಾನ್ರ, ಎಲ್ಲಾರೂ ಇದನ್ನ ಬಾರಸ್ತಾರ್ರಿ. ಬಿಸಿಲಿಗೆ ಸೀಳೂದಿಲ್ಲ, ಮಳಿಗೆ ಉಬ್ಬೂದಿಲ್ಲ. ಪೂರಾ ಅಸಲ ಕಟಗೀದು ಬೊಂಬೈದಾಗ ಸಿಗತೈತಿ. ಕಿಮ್ಮತ್ತು ಕೇಳಿದ್ರ ನೀವ ಎದ್ದು ಹೋಗ್ತೀರಿ."

ಅವನು ಹೇಳಿದ್ದೂ ಸುಳ್ಳಲ್ಲ. ಆದರೆ ಮಾವನವರು ಆಗಲೇ ಚಪ್ಪಲಿ ಮೆಟ್ಟುತ್ತಿದ್ದರು. "ಸಾಮಿಲ್ಲಿನ ಮನ್ಯಾಗ ಪ್ಲೈವುಡ್ ಬಂತಂದ್ರ ನಾ ಊರಾಗ ಮಾರಿ ಹೆಂಗ ತೋರಸ್ಲಿ," ಎಂದು ಹೊರಬಿದ್ದರು. ಹೊಸ್ತಿಲು ದಾಟಿದ ಮೇಲೆ ತಿರುಗಿ, "ಅಸಲಂದು ಎಲ್ಲಿಯರ ಕಂಡ್ರ ನಮ್ಮ ಲಾರಿ ಡ್ರೈವರ್ ಕಡೆ ಹೇಳಿಕಳಸ್ರಿ," ಎಂದರು.

ವಾಪಸು ಬರುವಾಗ ಲಾರಿಯಲ್ಲಿ ನಾನು ಮುಖ ಊದಿಸಿಕೊಂಡು ಕೂತಿದ್ದೆ. ಆ ಕೆಂಪು ಗಿಟಾರು ನನಗೆ ಸಾಕಾಗಿತ್ತು. ಕಟ್ಟಿಗೆಯದೋ ಫೋಟೋದ್ದೋ, ಅದು ನನ್ನ ಮಡಿಲಲ್ಲಿ ಇರುತ್ತಿತ್ತು. ಗಿಣಿಗೇರಿ ದಾಟಿದ ಮೇಲೆ ಮಾವನವರು ಕಿಟಕಿಯ ಹೊರಗೆ ನೋಡುತ್ತಲೇ ಹೇಳಿದರು. "ಸಿಟ್ಟಾಗಬ್ಯಾಡವಾ. ಒಂದ ಸಲ ತಗೋತೀವಿ, ಛಲೋದು ತಗೊಳ್ಳೂಣು."

ಮರುವಾರವೇ ಅವರಿಗೊಂದು ಉಪಾಯ ಹೊಳೆಯಿತು. ಸಾಮಿಲ್ಲಿನಲ್ಲಿ ಯಾರಿಗೂ ಮಾರದೆ ಇಟ್ಟುಕೊಂಡಿದ್ದ ಒಂದು ಸಾಗವಾನಿ ಹಲಗೆಯನ್ನು ಲಾರಿಗೆ ಹಾಕಿಸಿ, ನನ್ನನ್ನೂ ಕೂರಿಸಿಕೊಂಡು ಕಿನ್ನಾಳಕ್ಕೆ ಹೊರಟರು. ಅಲ್ಲಿ ಕಟ್ಟಿಗೆಯ ಗೊಂಬೆ ಮಾಡುವ ಒಬ್ಬರು ಅವರಿಗೆ ಪರಿಚಯ. ನಾವು ಹೋದಾಗ ಅವರು ಅಂಗಳದಲ್ಲಿ ಕೂತು ಒಂದು ಕುದುರೆಗೆ ಹಳದಿ ಬಣ್ಣ ಹಚ್ಚುತ್ತಿದ್ದರು. ಮಾವನವರು ಹಲಗೆ ಇಳಿಸಿ, "ಇದರಾಗ ನಮ್ಮ ಸೊಸಿಗೊಂದು ಗಿಟಾರ್ ಮಾಡಿಕೊಡ್ರಿ," ಎಂದರು. ನಾನು ಕಾಗದದ ಮೇಲೆ ಚಿತ್ರ ಬರೆದು ತೋರಿಸಿದೆ.

ಅವರು ಚಿತ್ರವನ್ನು ಹಿಂದೆ ಮುಂದೆ ಹಿಡಿದು ನೋಡಿದರು. "ಮಾಡಬಹುದ್ರಿ. ನೋಡಾಕ ಪಕ್ಕಾ ಗಿಟಾರ್ ಆಗತೈತಿ. ಬಣ್ಣ ಹಚ್ಚಿ ಕೊಟ್ರ ಯಾರೂ ಗೊಂಬಿ ಅನ್ನೂದಿಲ್ಲ. ಆದ್ರ ನಾದ ಬರಲಿಲ್ಲಂದ್ರ ನನ್ನ ಬೈಬ್ಯಾಡ್ರಿ."

"ಸಾಗವಾನಿ ಅದ ಮಾರಾಯ, ನಾದ ಯಾಕ ಬರೂದಿಲ್ಲ?"

ನಾನು ನಡುವೆ ಬಾಯಿ ಹಾಕಿದೆ. "ಮಾವಾರ, ಮುಂದಿನ ಹಲಗಿ ಹಪ್ಪಳದಂಗ ತೆಳ್ಳಗ ಇರ್ಬೇಕ್ರಿ. ಇಲ್ಲಂದ್ರ ಅದು ಅಲಗಾಡೂದಿಲ್ಲ."

ಮಾವನವರು ತಮ್ಮ ಹಲಗೆಯನ್ನು ನೋಡಿದರು. ಎರಡು ಆಳು ಎತ್ತಿ ತಂದ ಹಲಗೆ. "ಇಂಥಾದನ್ನ ಕೆತ್ತಿ ಕೆತ್ತಿ ಹಪ್ಪಳ ಮಾಡೂದಾ?" ಎಂದು ಅವರು ಕೇಳಿದ ರೀತಿಗೆ ಗೊಂಬೆಯವರಿಗೆ ನಗು ಬಂತು, ನನಗೂ ಬಂತು, ಕಡೆಗೆ ಮಾವನವರಿಗೂ ಬಂತು. ಚಹಾ ಕುಡಿದು ಹಲಗೆಯನ್ನು ಮತ್ತೆ ಲಾರಿಗೆ ಏರಿಸಿಕೊಂಡು ಬಂದೆವು. ಅದು ಆಮೇಲೆ ನಮ್ಮ ದೇವರ ಮನೆಯ ಬಾಗಿಲಾಯಿತು.

ನಾನು ಆಸೆ ಬಿಟ್ಟಿದ್ದೆ. ಗದ್ದೆ ನಾಟಿಯ ದಿನಗಳು ಬಂದವು, ಸಿದ್ದಾಪುರದ ಕಡೆಯ ನೆಂಟರು ಬಂದು ಹೋದರು. ಅಷ್ಟರಲ್ಲಿ ಒಂದು ಮಧ್ಯಾಹ್ನ ನಮ್ಮ ಲಾರಿ ಡ್ರೈವರ್ ಕೊಪ್ಪಳದ ಅಂಗಡಿಯವನ ಸುದ್ದಿ ತಂದ. ಮುನಿರಾಬಾದಿನ ಡ್ಯಾಮಿನ ಕಾಲೊನಿಯಲ್ಲಿ ಒಬ್ಬ ನರ್ಸಮ್ಮನ ಹತ್ತಿರ ಹಳೆಯ ಗಿಟಾರು ಇದೆ, ಆಕೆಗೆ ವರ್ಗವಾಗಿದೆ, ಕೊಟ್ಟುಬಿಡುವ ವಿಚಾರದಲ್ಲಿದ್ದಾರೆ, "ಅಸಲಾ ಫೋಟೋನಾ ಅಂತ ಯಜಮಾನ್ರ ಬಂದು ನೋಡ್ಲಿ" ಎಂದು ಹೇಳಿಕಳಿಸಿದ್ದ. ಅವನೂ ಆ ಮಾತು ಮರೆತಿರಲಿಲ್ಲ.

ಲಾರಿ ಬೇರೆ ಬಾಡಿಗೆಗೆ ಹೋಗಿತ್ತು. ನಾವು ಬಸ್ಸಿನಲ್ಲಿ ಹೋದೆವು. ಕಾಲೊನಿಯ ಸಣ್ಣ ಮನೆಯೊಂದರ ಪಡಸಾಲೆಯ ತುಂಬ ಪಾತ್ರೆ, ಪುಸ್ತಕ, ಹಾಸಿಗೆ ಹರಡಿಕೊಂಡು ನಡುವೆ ಆ ನರ್ಸಮ್ಮ ನಿಂತಿದ್ದರು. ಐವತ್ತರ ಹತ್ತಿರದ ಹೆಂಗಸು, ಮಂಗಳೂರಿನ ಕಡೆಯವರು. ಗಿಟಾರು ಅವರ ಅಣ್ಣನದಂತೆ. ಆ ಅಣ್ಣ ಹಡಗಿನಲ್ಲಿ ಅಡುಗೆ ಕೆಲಸದಲ್ಲಿದ್ದಾಗ ಯಾವುದೋ ದೂರದ ಬಂದರಿನಿಂದ ತಂದದ್ದು.

"ಅವನಿಗೆ ಅದು ಒಂದು ವರ್ಷದ ಹುಚ್ಚು," ಎಂದರು ನರ್ಸಮ್ಮ. "ಈಗ ಊರಲ್ಲಿ ಕೋಳಿ ಸಾಕಿಕೊಂಡಿದ್ದಾನೆ. ನನಗೆ ಬಾರಿಸಲಿಕ್ಕೆ ಬರುವುದಿಲ್ಲ. ಮೊನ್ನೆ ಒಬ್ಬರು ಬಂದಿದ್ದರು, ಗೋಡೆಗೆ ಚಂದ ಕಾಣುತ್ತದೆ ಅಂದರು. ಗೋಡೆಗೆ ಅಂತಾದರೆ ನನ್ನ ಗೋಡೆಯೇ ಸಾಕಲ್ಲ."

ಹಳೆಯ ಬೆಡ್‌ಶೀಟಿನ ಗವುಸಿನಿಂದ ಗಿಟಾರನ್ನು ಹೊರತೆಗೆದರು. ಹೊಳಪು ಸತ್ತಿತ್ತು. ಮುಂದಿನ ಹಲಗೆ ಜೇನಿನ ಬಣ್ಣಕ್ಕೆ ತಿರುಗಿತ್ತು, ತೂತಿನ ಪಕ್ಕದಲ್ಲಿ ಉಗುರು ತಾಗಿ ತಾಗಿ ಸವೆದ ಗುರುತು. ತಂತಿಗಳು ತುಕ್ಕು ಹಿಡಿದಿದ್ದವು.

ಮಾವನವರು ಜೇಬಿನಿಂದ ಬ್ಯಾಟರಿಯನ್ನೂ ತಮ್ಮ ದಾಡಿ ಮಾಡುವ ಸಣ್ಣ ಕನ್ನಡಿಯನ್ನೂ ತೆಗೆದರು. ಅವನ್ನು ತಂದದ್ದು ನನಗೆ ಗೊತ್ತೇ ಇರಲಿಲ್ಲ. ತೂತಿನ ಅಂಚು ನೋಡಿದರು. ಮೇಲಿನ ಗೆರೆಗಳು ಹಾಗೇ ಅಂಚಿನಲ್ಲಿ ಇಳಿದಿದ್ದವು. ಕನ್ನಡಿ ಒಳಗೆ ಹಿಡಿದು, ಬ್ಯಾಟರಿ ಬಿಟ್ಟು, ಬೆನ್ನಿನ ಒಳಮೈ ನೋಡಿದರು. ತಿರುಗಿಸಿ ಹೊರಮೈ ನೋಡಿದರು. ಹೊರಗಿದ್ದ ಒಂದು ಕಪ್ಪು ಸುಳಿ ಒಳಗೂ ಅದೇ ಜಾಗದಲ್ಲಿ ಇತ್ತು.

"ಹಿಂದಿಂದು ಬೀಟಿ. ಬಾಜೂಕಿಂದೂ ಬೀಟಿ. ಮುಂದಿಂದು ನಮ್ಮ ಸೀಮಿದಲ್ಲ, ಚಳಿ ದೇಶದ್ದು ಇರ್ಬೇಕು. ನಿಧಾನ ಬೆಳದೈತಿ, ಗೆರಿ ಎಷ್ಟು ಹತ್ತಿರ ಹತ್ತಿರ ಅದಾವ ನೋಡು. ಹೆಸರು ನನಗ ಗೊತ್ತಿಲ್ಲ." ಕಟ್ಟಿಗೆಯ ಹೆಸರು ಗೊತ್ತಿಲ್ಲ ಎಂದು ಅವರು ಹೇಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಹೇಳುವಾಗ ಅವರ ಮುಖದಲ್ಲಿ ಸಂತೋಷವೇ ಇತ್ತು.

ನಾನು ನನ್ನ ಪರೀಕ್ಷೆ ಮಾಡಿದೆ. ಕೊರಳನ್ನು ಕಣ್ಣಿನ ನೇರಕ್ಕೆ ಹಿಡಿದು ನೋಡಿದೆ, ಬಾಗಿರಲಿಲ್ಲ. ತಂತಿಗಳು ಬಹಳ ಎತ್ತರಕ್ಕಿರಲಿಲ್ಲ, ಒತ್ತಿದರೆ ಬೆರಳು ನೋಯುವಂತಿರಲಿಲ್ಲ. ಶ್ರುತಿ ಮಾಡುವ ಬಿರಡೆಗಳಲ್ಲಿ ಒಂದು ಬಿಗಿಯಾಗಿತ್ತು, ಒಂದು ಹನಿ ಕೊಬ್ಬರಿ ಎಣ್ಣೆ ಹಾಕಿದ ಮೇಲೆ ತಿರುಗಿತು.

"ಇನ್ನು ಬಾರಿಸು ಮಗಳೇ," ಎಂದರು ನರ್ಸಮ್ಮ. "ಯಾರ ಕೈಗೆ ಕೊಡುತ್ತೇನೆ ಅಂತ ನನಗೂ ತಿಳಿಯಬೇಕಲ್ಲ."

ಮಾವನವರ ಎದುರು ನಾನು ಅಲ್ಲಿಯವರೆಗೆ ಗಟ್ಟಿಯಾಗಿ ಹಾಡಿದವಳೂ ಅಲ್ಲ. ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು, ಕಟ್ಟಿಟ್ಟಿದ್ದ ಹಾಸಿಗೆಯ ಸುರುಳಿಯ ಮೇಲೆ ಕೂತೆ. ಮೊದಲ ಸಲ ಬೆರಳು ತಪ್ಪಿತು. ಎರಡನೆಯ ಸಲ ಮೂರು ತಂತಿ ಒಟ್ಟಿಗೆ ಒತ್ತಿ ಆರನ್ನೂ ಮೀಟಿದಾಗ ದನಿ ಎದ್ದಿತು. ತುಕ್ಕು ತಂತಿಯ ಕರಕರ ಇತ್ತು, ಆದರೆ ಅದರ ಕೆಳಗೆ ಬೆಚ್ಚಗಿನ, ದುಂಡನೆಯ ನಾದ. ಎದೆಗೆ ಒತ್ತಿಕೊಂಡಿದ್ದ ಬೀಟೆಯ ಬೆನ್ನು ಅದುರಿದ್ದು ನನ್ನ ಪಕ್ಕೆಲುಬಿಗೆ ತಿಳಿಯಿತು. ಆಂಟಿ ಕಲಿಸಿದ ಮೊಟ್ಟಮೊದಲ ಧಾಟಿಯನ್ನು ಬಾರಿಸಿದೆ. ನಡುವೆ ಮರೆತ ಕಡೆ ನಿಲ್ಲಿಸದೆ ಏನೋ ಒಂದು ಸೇರಿಸಿ ಮುಂದೆ ಹೋದೆ. ಮುಗಿದ ಮೇಲೂ ಸ್ವಲ್ಪ ಹೊತ್ತು ನಾದ ಒಳಗೇ ತಿರುಗುತ್ತಿತ್ತು.

"ಇನ್ನೊಮ್ಮೆ ಬಾರ್ಸವಾ," ಎಂದರು ಮಾವನವರು. ಕುಟ್ಟಲು ಎತ್ತಿದ್ದ ಕೈ ಹಾಗೇ ಇತ್ತು.

ಬೆಲೆಯ ಮಾತು ಬಂದಾಗ ನರ್ಸಮ್ಮ ತಮ್ಮ ಪಡಸಾಲೆಯನ್ನು ಸುತ್ತ ನೋಡಿದರು. ಇದನ್ನೆಲ್ಲ ಯಾವುದರಲ್ಲಿ ತುಂಬಿ ಕಳಿಸುವುದು ಎಂಬುದೇ ಅವರಿಗೆ ದೊಡ್ಡ ಚಿಂತೆಯಾಗಿತ್ತು. ಹೊಸಪೇಟೆಯಲ್ಲಿ ಪೆಟ್ಟಿಗೆ ಕೇಳಿದರೆ ಗಿಟಾರಿಗಿಂತ ಹೆಚ್ಚು ಹೇಳುತ್ತಾರೆ ಎಂದು ಗೊಣಗಿದರು. ಮಾವನವರ ಕಿವಿ ನೆಟ್ಟಗಾಯಿತು.

"ಪೆಟಗಿ ನಾ ಮಾಡಿಸಿಕೊಡ್ತೀನ್ರಿ. ನಿಮ್ಮ ಸಾಮಾನೆಲ್ಲ ಹಿಡಿಯೂವಷ್ಟು. ನಮ್ಮ ಲಾರ್ಯಾಗ ಸ್ಟೇಷನ್‌ಗೂ ಮುಟ್ಟಿಸ್ತೀನಿ. ನೀವು ಗಿಟಾರ್ ಕೊಡ್ರಿ."

ನರ್ಸಮ್ಮ ಒಂದು ಕ್ಷಣವೂ ಯೋಚಿಸಲಿಲ್ಲ. "ಗಾಜಿನ ಸಾಮಾನಿದೆ, ಪೆಟ್ಟಿಗೆ ಗಟ್ಟಿ ಇರಬೇಕು," ಎಂದರು. "ಮತ್ತೆ ಅದು ಪ್ಲೈವುಡ್ಡು ಆಗಬಾರದು."

ಕೊಪ್ಪಳದ ಅಂಗಡಿಯವನು ಅವರಿಗೂ ಕತೆ ಹೇಳಿದ್ದ. ಮಾವನವರು ಅಷ್ಟು ನಕ್ಕದ್ದನ್ನು ನಾನು ಮನೆಯಲ್ಲಿ ಕಂಡಿರಲಿಲ್ಲ. ಪೆಟ್ಟಿಗೆ ಬರುವ ತನಕ ಗಿಟಾರು ಇಲ್ಲೇ ಇರಲಿ ಎಂದು ನಾನು ಹೇಳಿದೆ. ನರ್ಸಮ್ಮ ಗವುಸು ಹಾಕಿ ನನ್ನ ಕೈಗೇ ಕೊಟ್ಟರು. "ಇವತ್ತೇ ತೆಗೆದುಕೊಂಡು ಹೋಗು. ಇವರು ಪೆಟ್ಟಿಗೆ ತರದೆ ಇರುವ ಜನ ಅಲ್ಲ."

ವಾಪಸಿನ ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ತಂಪು ಗಾಳಿ ಬೀಸುತ್ತಿತ್ತು. ಗವುಸಿನ ಸಮೇತ ಗಿಟಾರನ್ನು ಅಡ್ಡಲಾಗಿ ಮಡಿಲಲ್ಲಿಟ್ಟು, ಕುಲುಕಾಟಕ್ಕೆ ತಾಗದಿರಲೆಂದು ಸೆರಗು ಸುತ್ತಿ ಎರಡೂ ಕೈಯಲ್ಲಿ ಹಿಡಿದಿದ್ದೆ. ಹುಲಿಗಿಯಲ್ಲಿ ಹತ್ತಿದ ಒಬ್ಬ ಅಜ್ಜಿ ಪಕ್ಕದಲ್ಲಿ ನಿಂತು ತುಸು ಹೊತ್ತು ನನ್ನನ್ನೇ ನೋಡಿದಳು.

"ಕೂಸಿನ ಮಾರಿಗೆ ಅಷ್ಟು ಮುಚ್ಚಬಾರದವಾ. ಉಸಿರು ಕಟ್ಟತೈತಿ. ಚೂರು ಗಾಳಿ ಬಿಡು."

ನಾನು ಬಾಯಿ ಬಿಡುವ ಮೊದಲೇ ಹಿಂದಿನ ಸೀಟಿನಿಂದ ಮಾವನವರು ಗಂಭೀರವಾಗಿ ಹೇಳಿದರು. "ಕೂಸಲ್ಲವಾ ಅದು. ಬೀಟಿ ಕಟಗಿ."

ಅಜ್ಜಿಗೆ ಇನ್ನೂ ಗೊಂದಲವಾಯಿತು. ಗವುಸು ಸರಿಸಿ ತೋರಿಸಿದೆ. ಆಕೆ ತಂತಿಯನ್ನು ಒಂದು ಬೆರಳಿನಿಂದ ಮುಟ್ಟಿದಳು, ಅದು ಗುಂಯ್ ಎಂದಿತು. ಕಂಡಕ್ಟರ್ ಲಗೇಜು ಟಿಕೇಟಿನ ಮಾತು ತೆಗೆದ. ಮಡಿಲಲ್ಲಿರುವುದಕ್ಕೆ ಟಿಕೇಟು ಎಲ್ಲಿಯದು ಎಂದು ಅಜ್ಜಿಯೇ ಅವನೊಂದಿಗೆ ವಾದಕ್ಕೆ ನಿಂತು, ಗಂಗಾವತಿ ಬರುವ ತನಕ ಸೋಲಲಿಲ್ಲ.

ಮಾವನವರು ಆ ವಾರ ಪೆಟ್ಟಿಗೆಗಳ ಒಂದೊಂದು ಮೊಳೆಯನ್ನೂ ಎದುರು ನಿಂತು ಹೊಡೆಸಿದರು. ನರ್ಸಮ್ಮನನ್ನು ರೈಲು ಹತ್ತಿಸಿ ಬಂದ ಡ್ರೈವರ್ ಕೈಯಲ್ಲಿ ನನಗೊಂದು ಪೊಟ್ಟಣವಿತ್ತು. ಬಿಚ್ಚಿದರೆ ಹೊಸ ತಂತಿಗಳು. ನರ್ಸಮ್ಮ ಕೊಪ್ಪಳದ ಅಂಗಡಿಯಲ್ಲೇ ಕೊಂಡು ಕಳಿಸಿದ್ದರು.

ಇಷ್ಟೆಲ್ಲ ಆದರೂ ಅತ್ತೆಗೆ ಮಾತ್ರ ಆ ವಾದ್ಯ ಸೇರಲಿಲ್ಲ. ಬಂದ ದಿನ ಕುಂಕುಮ ಹಚ್ಚಲು ಹೋದರು, ಮಾವನವರು ಒದ್ದೆ ಕೈಯಲ್ಲಿ ಮುಟ್ಟಬೇಡ ಎಂದು ತಡೆದರು. ಅಲ್ಲಿಂದ ಮುನಿಸು. "ಕೈ ಕುಣಿಯೂದು ನಿಂತಿತು, ಈಗ ತಂತಿ ಕುಣೀತಾವ," ಎಂದು ಪಕ್ಕದ ಮನೆಯವರ ಹತ್ತಿರ ಹೇಳಿಕೊಳ್ಳುತ್ತಿದ್ದರು. ಮೊದಲ ಬೇಸಿಗೆಯಲ್ಲಿ ಒಂದು ತಂತಿ ಜಿರಿಜಿರಿ ಎನ್ನತೊಡಗಿತು, ಮುಂದಿನ ಹಲಗೆ ಒಣಗಿ ಕೂದಲೆಳೆಯಷ್ಟು ಕುಸಿದಿತ್ತು. ನಾನು ಅಳುವಂತಾದೆ. ಮಾವನವರು ಸವರಿ ನೋಡಿ, "ಕಟಗಿಗೆ ನೀರಡಿಕಿ ಆಗೈತಿ," ಎಂದು ಕೋಣೆಯ ಕಿಟಕಿಗೆ ಒದ್ದೆ ಗೋಣಿಚೀಲ ಕಟ್ಟಿಸಿದರು. ದಿನಕ್ಕೆ ನಾಲ್ಕು ಸಲ ಅದಕ್ಕೆ ನೀರು ಚಿಮುಕಿಸುವ ಕೆಲಸ ಅತ್ತೆಯದೇ ಆಯಿತು. ಬಯ್ಯುತ್ತಲೇ ಚಿಮುಕಿಸಿದರು. ಸ್ವಲ್ಪ ದಿನದಲ್ಲಿ ತಂತಿ ಸರಿಹೋಯಿತು. ಮನೆಯಲ್ಲಿ ಎಲ್ಲಕ್ಕಿಂತ ತಂಪಾದ ಕೋಣೆ ಅದೇ ಆದ್ದರಿಂದ ಅತ್ತೆ ಮಧ್ಯಾಹ್ನ ಅಕ್ಕಿ ಆರಿಸಲು ಅಲ್ಲೇ ಬಂದು ಕೂರತೊಡಗಿದರು.

ಅಕ್ಕಿ ಆರಿಸುವಾಗ ಹಾಡಿಕೊಳ್ಳುವುದು ಅವರ ರೂಢಿ. ಬೀಸುವಾಗ ಹೇಳುವ ಹಾಡು, ತೊಟ್ಟಿಲ ಹಾಡು, ಹೆಸರಿಲ್ಲದ ಎಷ್ಟೋ ಹಾಡು. ದನಿ ಕೆಳಗಿನದು, ಗಂಡಸಿನಷ್ಟು ಗಟ್ಟಿ. ಒಂದು ದಿನ ನಾನು ಅವರ ದನಿಗೆ ತಂತಿ ಇಳಿಸಿಕೊಂಡು, ಪ್ರತಿ ಸಾಲಿನ ಕೊನೆಗೆ ಮೆಲ್ಲಗೆ ಒಂದೇ ಒಂದು ಸಲ ಮೀಟಿದೆ. ಅವರು ನಿಲ್ಲಿಸಿಬಿಟ್ಟರು.

"ನಾ ಹಾಡೂಮುಂದ ಯಾಕ ಅಡ್ಡ ಬರ್ತಿ?"

"ಅಡ್ಡ ಅಲ್ರಿ ಅತ್ತಿ, ಜೋಡಿ ಬರಾಕ ನೋಡಿದೆ."

ಅವರು ಮೊರದಲ್ಲಿನ ಕಲ್ಲು ತೆಗೆದರು. ಸ್ವಲ್ಪ ಹೊತ್ತಿನ ಮೇಲೆ ಅದೇ ಹಾಡನ್ನು ಮೊದಲಿನಿಂದ ಎತ್ತಿಕೊಂಡರು, ಸಾಲಿನ ಕೊನೆಗೆ ಬಂದು ಒಂದಿಷ್ಟು ತಡೆದರು. ನಾನು ಮೀಟಿದೆ. ಅವರು ಮುಂದಿನ ಸಾಲಿಗೆ ಹೋದರು. ಅಂದು ಅಕ್ಕಿ ಆರಿಸುವುದು ಬಹಳ ತಡವಾಯಿತು.

ಆ ವರ್ಷದ ಶ್ರಾವಣದಲ್ಲಿ ನಮ್ಮ ಓಣಿಯ ಒಬ್ಬ ಹುಡುಗಿಯ ಕುಬಸ. ಬಸುರಿಯನ್ನು ಕೂರಿಸಿ, ಹಸಿರು ಕುಬಸ ತೊಡಿಸಿ, ಹೆಂಗಸರು ಹಾಡುವ ಕಾರ್ಯ. ನಾನು ಸುಮ್ಮನೆ ಹೊರಟು ನಿಂತಿದ್ದೆ. ಅತ್ತೆ ಕೋಣೆಗೆ ಹೋಗಿ, ಕೈ ಒರೆಸಿಕೊಂಡು, ಗಿಟಾರನ್ನು ತಾವೇ ಎತ್ತಿ ತಂದರು. ಅಲ್ಲಿ ಹತ್ತಾರು ಹೆಂಗಸರ ನಡುವೆ ನನ್ನನ್ನು ಪಕ್ಕಕ್ಕೆ ಕೂರಿಸಿಕೊಂಡು ಹಾಡಿದರು. ಮೊದಮೊದಲು ಹುಡುಗಿಯರು ಸೆರಗು ಬಾಯಿಗೆ ಹಿಡಿದು ನಕ್ಕರು. ಮೂರನೆಯ ಹಾಡಿಗೆ ಎಲ್ಲರೂ ದನಿ ಕೂಡಿಸಿದರು, ಬಸುರಿ ಹುಡುಗಿಯೂ ತನ್ನ ಆರತಿಯನ್ನೇ ಮರೆತು ಹಾಡಿದಳು.

ಹೊರಡುವಾಗ ಮನೆಯೊಡತಿ ಅತ್ತೆಗೆ ಉಡಿ ತುಂಬಿ, ಮುಂದಿನ ತಿಂಗಳು ಯಲಬುರ್ಗಿಯಲ್ಲಿ ತನ್ನ ತಂಗಿಯ ಮಗಳ ಕಾರ್ಯ ಇದೆ, ಬರಬೇಕು ಎಂದಳು.

"ಬರ್ತೀವಿ," ಎಂದರು ಅತ್ತೆ. "ಇಬ್ರೂ ಬರ್ತೀವಿ. ಆದ್ರ ಬಸ್ಸಿನ್ಯಾಗ ಆಗೂದಿಲ್ಲವಾ, ಜೀಪ್ ಕಳಸ್ರಿ."

ಜೀಪು ಬಂತು. ಆಮೇಲೆ ಕುಷ್ಟಗಿಯಿಂದಲೂ ಒಂದು ಬಂತು.